ದಾರಿಯಲ್ಲಿ ಸಿಕ್ಕಾಗ ಒಂದು ಮದ್ದು ಹೇಳಿಬಿಡಬಾರದೇ?

ಗಿಡಮೂಲಿಕೆ, ಮಾಲೀಶು, ಉಸಿರಾಟ ಎಲ್ಲ ಸೇರಿಸಿ ಸಮಗ್ರ ಚಿಕಿತ್ಸೆ ಮಾಡುವ ನಮ್ಮಂಥವರಿಗೆ ಜನ ಪದೇ ಪದೇ ಕೇಳುವ ಪ್ರಶ್ನೆ ಇದು: ‘ದಿನಾ ನೋಡೋ ಮುಖ. ದಾರಿಯಲ್ಲಿ ಸಿಕ್ಕಾಗ ಒಂದು ಮದ್ದು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?’ ಕೇಳುವುದರಲ್ಲಿ ತಪ್ಪಿಲ್ಲ. ಒಂದೇ ಬೀದಿಯಲ್ಲಿ ಬದುಕುವವರ ನಡುವೆ ಅಷ್ಟು ಸಲಿಗೆ ಇರಬೇಕಾದದ್ದೇ. ಆದರೂ ನಾವು ‘ಒಮ್ಮೆ ಬಂದು ಕೂತ್ಕೊಳ್ಳಿ, ಮಾತಾಡೋಣ’ ಎನ್ನುತ್ತೇವೆ. ಅದು ಬಿಗುಮಾನವಲ್ಲ.

ಒಣಕೆಮ್ಮನ್ನೇ ತೆಗೆದುಕೊಳ್ಳಿ. ನಿಂತಲ್ಲೇ ಹೇಳಿಬಿಡಬಹುದಾದ ಮದ್ದು ಜ್ಯೇಷ್ಠಮಧು. ಒಂದೆರಡು ದಿನ ಒಂದು ಚೂರು ಜಗಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗದು. ಆದರೆ ಆ ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ವಾರಗಟ್ಟಲೆ ಕಷಾಯ ಕುಡಿದರೆ ಬಿ.ಪಿ. ಏರಬಹುದು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಪೊಟ್ಯಾಸಿಯಂ ಮೊದಲೇ ಇಳಿದಿರುತ್ತದೆ. ಎರಡೂ ಸೇರಿದರೆ ಸುಸ್ತು, ಸ್ನಾಯುಗಳ ನಿತ್ರಾಣ, ಕೊನೆಗೆ ಎದೆಬಡಿತದ ಲಯ ತಪ್ಪುವವರೆಗೂ ಹೋಗಬಹುದು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಎನಲಪ್ರಿಲ್, ರಾಮಿಪ್ರಿಲ್ ಗುಂಪಿನ ಬಿ.ಪಿ. ಮಾತ್ರೆಗಳಿಂದಲೇ ಕೆಲವರಿಗೆ ತಿಂಗಳುಗಟ್ಟಲೆ ಒಣಕೆಮ್ಮು ಬರುತ್ತದೆ. ಕೆಮ್ಮು ಬಂದದ್ದು ಬಿ.ಪಿ. ಮಾತ್ರೆಯಿಂದ, ಅದಕ್ಕೆ ನಾವು ಕೊಟ್ಟದ್ದು ಬಿ.ಪಿ. ಏರಿಸುವ ಬೇರು! ಅಲ್ಲಿ ಬೇಕಿದ್ದದ್ದು ಕಷಾಯವಲ್ಲ, ಡಾಕ್ಟರಿಗೆ ಒಂದು ಮಾತು. ಅವರು ಮಾತ್ರೆ ಬದಲಿಸಿದರೆ ಕೆಮ್ಮು ಕೆಲವು ವಾರಗಳಲ್ಲಿ ತಾನಾಗಿ ಅಡಗುತ್ತದೆ. ದಾರಿಯಲ್ಲಿ ನಿಂತು ‘ಯಾವ ಮಾತ್ರೆ ತಗೋತೀರಿ?’ ಎಂದರೆ ಸಿಗುವ ಉತ್ತರ ‘ಬಿಳೀದು, ಚಿಕ್ಕದು’. ಅಷ್ಟರ ಮೇಲೆ ಮದ್ದು ಹೇಳುವುದು ಹೇಗೆ?

ಆದ್ದರಿಂದ ಬರುವಾಗ ಚೀಲ ತನ್ನಿ ಎನ್ನುತ್ತೇವೆ. ಚೀಟಿ ಸಾಲದು. ಮಾತ್ರೆಯ ಪಟ್ಟಿಗಳು, ಸಿರಪ್, ಕಣ್ಣಿನ ಹನಿ, ಯಾರೋ ಕೊಟ್ಟ ಪುಡಿ, ವಿಟಮಿನ್ ಡಬ್ಬಿ ಎಲ್ಲವೂ ಅದರಲ್ಲಿರಲಿ. ಕಳೆದ ಆರು ತಿಂಗಳ ರಕ್ತಪರೀಕ್ಷೆಯ ವರದಿಯೂ ಇರಲಿ. ಮೊದಲ ಭೇಟಿಗೆ 60ರಿಂದ 90 ನಿಮಿಷ ಬೇಕು. ಬಂದ ತಕ್ಷಣ ಬಿ.ಪಿ. ನೋಡಬಾರದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು, ಬಿ.ಪಿ. ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬಾರದು, ಮೂತ್ರ ಕಟ್ಟಿಕೊಂಡಿರಬಾರದು. ಕಾಫಿ, ಟೀ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ನಿದ್ದೆ, ಮಲವಿಸರ್ಜನೆ, ಕೆಲಸದ ಪಾಳಿ, ಮನೆಯಲ್ಲಿ ಯಾರ ಆರೈಕೆ ಯಾರ ಹೆಗಲ ಮೇಲಿದೆ, ಇವನ್ನು ಕೇಳುವುದು ಇದಾದ ಮೇಲೆ.

ಹಾಗಂತ ದಾರಿಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದಿಲ್ಲ. ಅಲ್ಲೇ, ಆ ಕ್ಷಣವೇ ಹೇಳಬೇಕಾದದ್ದೂ ಇದೆ. ‘ಕಾಲು ಹಿಡ್ಕೊಂಡಿದೆ, ಸ್ವಲ್ಪ ಎಣ್ಣೆ ತಿಕ್ಕಿಕೊಡ್ತೀರಾ?’ ಎಂದು ಯಾರಾದರೂ ಕೇಳಿದರೆ ಮೊದಲು ಎರಡೂ ಮೀನಖಂಡಗಳನ್ನು ಅಕ್ಕಪಕ್ಕ ನೋಡಬೇಕು. ಒಂದೇ ಕಾಲು ಊದಿದ್ದು, ಮುಟ್ಟಿದರೆ ಬಿಸಿ, ಒತ್ತಿದರೆ ನೋವು, ಜೊತೆಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯೋ ದೀರ್ಘ ಪ್ರಯಾಣವೋ ಆಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಕೂರುವ ಭಯವಿದೆ. ಆಗ ಮಾಲೀಶೂ ಇಲ್ಲ, ‘ನಾಳೆ ಬನ್ನಿ’ಯೂ ಇಲ್ಲ, ಅದೇ ದಿನ ಆಸ್ಪತ್ರೆ. ಎದೆ ಬಿಗಿತ, ಬಾಯಿ ಸೊಟ್ಟಗಾಗುವುದು, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪುವುದು, ಇವಕ್ಕಂತೂ ಆ ಕ್ಷಣವೇ ಆಸ್ಪತ್ರೆ.

ದಾರಿಯಲ್ಲಿ ಮಾತಾಡದಿರುವುದಕ್ಕೆ ಇನ್ನೊಂದು ಕಾರಣ ಅಕ್ಕಪಕ್ಕದ ಕಿವಿಗಳು. ಎಲ್ಲರಿಗೂ ಎಲ್ಲರ ಪರಿಚಯವಿರುವ ಕಡೆ ಗುಟ್ಟು ಕಾಯುವುದು ಮದ್ದು ಕೊಡುವುದಕ್ಕಿಂತ ಕಷ್ಟದ ಕೆಲಸ. ಚಿಕಿತ್ಸೆಗೆ ಬಂದವರು ಹೊರಗೆ ಸಿಕ್ಕರೆ ನಾವಾಗಿ ‘ಈಗ ಹೇಗಿದ್ದೀರಿ?’ ಎಂದು ಕೇಳುವುದಿಲ್ಲ. ಆ ಒಂದು ಮಾತಿನಿಂದಲೇ ಪಕ್ಕದಲ್ಲಿದ್ದವರಿಗೆ ವಿಷಯ ತಿಳಿದುಹೋಗುತ್ತದೆ. ‘ಅವರಿಗೆ ಕೊಟ್ಟಿದ್ದನ್ನೇ ನಮಗೂ ಕೊಡಿ’ ಎಂದು ಬಂದವರಿಗೆ, ಅವರು ಬಂದಿದ್ದರೋ ಇಲ್ಲವೋ ಎಂಬುದನ್ನೂ ಹೇಳುವಂತಿಲ್ಲ. ಇದರಿಂದ ಕೆಲವರಿಗೆ ಬೇಸರವಾಗುತ್ತದೆ. ಆ ಬೇಸರವನ್ನು ಸಹಿಸಿಕೊಳ್ಳಲೇಬೇಕು.

ಎಲ್ಲರೂ ಒಟ್ಟಿಗೆ ಕಲಿಯಬಹುದಾದದ್ದೂ ಇದೆ, ಅದನ್ನು ನಾನು ತುಂಬು ಮನಸ್ಸಿನಿಂದ ಬೆಂಬಲಿಸುತ್ತೇನೆ. ವಾರಕ್ಕೊಮ್ಮೆ 8–10 ಮಂದಿ ಕೂತು ನಿಧಾನದ ಉಸಿರಾಟ ಮಾಡುವುದು ಅಂಥದ್ದು. ಮೂಗಿನಿಂದ 5 ಸೆಕೆಂಡು ಒಳಗೆ, 5 ಸೆಕೆಂಡು ಹೊರಗೆ. ನಿಮಿಷಕ್ಕೆ 6 ಉಸಿರು, ಮೊದಲ ವಾರ 5 ನಿಮಿಷ ಸಾಕು. ಎಡವುವುದು ಎಲ್ಲಿ ಎಂದರೆ, ‘ನಿಧಾನ’ ಎಂದದ್ದು ‘ಜೋರು’ ಎಂದು ಕೇಳಿಸುತ್ತದೆ. ಎದೆಯುಬ್ಬಿಸಿ ಗಾಳಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅದನ್ನು ‘ಶಕ್ತಿ ಹರಿಯುತ್ತಿದೆ’ ಎಂದು ಹೇಳಿಕೊಡುವವರಿದ್ದಾರೆ. ತಪ್ಪು. ನಿಲ್ಲಿಸಿ, ಮಾಮೂಲಿ ಉಸಿರಿಗೆ ಬಂದು, ಮುಂದಿನ ಸಲ ಗಾಳಿಯ ಪ್ರಮಾಣ ಕಡಿಮೆ ಮಾಡಬೇಕು. ಗರ್ಭಿಣಿಯರಿಗೂ ಹೃದಯದ ತೊಂದರೆ ಇರುವವರಿಗೂ ಉಸಿರು ಕಟ್ಟುವುದನ್ನು ಹೇಳಿಕೊಡಬಾರದು. ಇಂಥ ಕೂಟಕ್ಕೆ ತಪ್ಪದೆ ಬರುತ್ತಿದ್ದವರು ಎರಡು ವಾರ ಕಾಣಿಸದಿದ್ದರೆ ಯಾರಾದರೂ ಮನೆಗೆ ಹೋಗಿ ವಿಚಾರಿಸುತ್ತಾರೆ. ಒಂಟಿಯಾಗಿರುವವರಿಗೆ ಉಸಿರಾಟದಷ್ಟೇ ಅದೂ ಬೇಕು.

ಇನ್ನು ‘ನಿಮ್ಮ ಹತ್ರ ಬಂದ್ಮೇಲೆ ಇಂಗ್ಲಿಷ್ ಮಾತ್ರೆ ಬಿಡಬಹುದಾ?’ ಎಂಬ ಮಾತು. ಸ್ಟೀರಾಯ್ಡ್, ಅಪಸ್ಮಾರದ ಮಾತ್ರೆ, ಎದೆಬಡಿತ ತಗ್ಗಿಸುವ ಮಾತ್ರೆ, ಇವನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಅಂತರರಾಷ್ಟ್ರೀಯ ಅಲ್ಮಾ ಅಟಾ ಘೋಷಣೆ ಸಾಂಪ್ರದಾಯಿಕ ಚಿಕಿತ್ಸಕರನ್ನೂ ಅಗತ್ಯವಿದ್ದಲ್ಲಿ ಡಾಕ್ಟರು, ದಾದಿಯರ ಜೊತೆ ಒಂದೇ ಆರೋಗ್ಯ ತಂಡದಲ್ಲಿ ಎಣಿಸಿತ್ತು. ತಂಡ ಎಂದ ಮೇಲೆ ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿರಬೇಕು. ಅದಕ್ಕೇ, ನೀವು ಒಪ್ಪಿದರೆ, ಡಾಕ್ಟರಿಗೆ ಅರ್ಧ ಪುಟದ ಪತ್ರ ಬರೆದುಕೊಡುತ್ತೇವೆ: ಏನು ಕೊಡುತ್ತಿದ್ದೇವೆ, ದಿನಕ್ಕೆ ಎಷ್ಟು, ಯಾವತ್ತಿನಿಂದ, ಬಿ.ಪಿ. ಎಷ್ಟಿತ್ತು. ಅದರ ಒಂದು ಪ್ರತಿಯನ್ನು ನಿಮ್ಮ ಮಾತ್ರೆ ಚೀಲದಲ್ಲೇ ಇಟ್ಟುಕೊಳ್ಳಿ.