ಶ್ರೀಲಂಕಾಗೆ ಹೊರಟವರಿಗೆ: ಒಂದು ಸಲಕ್ಕೆ ಅರ್ಧ ದ್ವೀಪ ಸಾಕು

ಶ್ರೀಲಂಕಾ ಕರ್ನಾಟಕದ ಮೂರನೇ ಒಂದು ಭಾಗದಷ್ಟಿದೆ. ಹಾಗಾಗಿ ಒಂದು ವಾರದಲ್ಲಿ ಪೂರ್ತಿ ಸುತ್ತಿ ಬರಬಹುದು ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಲಂಬೊದಿಂದ ಕ್ಯಾಂಡಿಗೆ ಇರುವುದು ಸುಮಾರು 115 ಕಿಲೋಮೀಟರ್. ಅಷ್ಟಕ್ಕೇ ಮೂರು ಗಂಟೆಗಿಂತ ಜಾಸ್ತಿ ಬೇಕು. ರಸ್ತೆ ಚೆನ್ನಾಗಿಯೇ ಇದೆ. ಆದರೆ ಕಿರಿದು, ತಿರುವು ಜಾಸ್ತಿ, ಊರುಗಳ ನಡುವೆಯೇ ಹಾದು ಹೋಗುತ್ತದೆ. ದ್ವೀಪ ಪೂರ್ತಿ ನೋಡಲು ಹೊರಟವರು ಕೊನೆಗೆ ನೋಡುವುದು ವ್ಯಾನಿನ ಕಿಟಕಿಯನ್ನು ಮಾತ್ರ.

ಹಾಗಾದರೆ ಯಾವ ಅರ್ಧ? ಅದನ್ನು ಮಳೆಯೇ ಹೇಳುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಕೊಲಂಬೊ, ಗಾಲೆ, ಬೆಟ್ಟದ ಪಶ್ಚಿಮ ಭಾಗ ನೆನೆಯುತ್ತವೆ. ಅದೇ ಹೊತ್ತಿಗೆ ಪೂರ್ವ ಕರಾವಳಿಯ ಟ್ರಿಂಕೋಮಲಿ, ಅರುಗಂ ಬೇ ಕಡೆ ಒಳ್ಳೆ ಬಿಸಿಲು, ಶಾಂತ ಸಮುದ್ರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ತಿರುಗುಮುರುಗು. ಆಗ ಬೆಟ್ಟ ಮತ್ತು ದಕ್ಷಿಣದ ಸಮುದ್ರತೀರ ನೋಡಿ. ತಿಮಿಂಗಿಲ ನೋಡುವ ಆಸೆ ಇದ್ದರೂ ಇದೇ ಲೆಕ್ಕ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣ ತೀರದ ಮಿರಿಸ್ಸಾ, ಮೇ ನಂತರ ಟ್ರಿಂಕೋಮಲಿ. ನಮ್ಮ ದಸರಾ ರಜೆ ಬರುವ ಅಕ್ಟೋಬರ್‌ನಲ್ಲಿ ಎಲ್ಲ ಕಡೆಯೂ ಮಳೆ ಬರಬಹುದು. ಏಪ್ರಿಲ್ ನಡುವೆ ಸಿಂಹಳ–ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿ ಎಲ್ಲರೂ ಊರಿಗೆ ಹೋಗಿರುತ್ತಾರೆ, ಬಸ್ಸು–ರೈಲು ತುಂಬಿ ತುಳುಕುತ್ತವೆ. ಆ ವಾರ ಬಿಟ್ಟುಬಿಡಿ.

ಹೊರಡುವ ಮುಂಚೆ ಇಟಿಎ ಅನ್ನುವ ಪ್ರಯಾಣ ಅನುಮತಿ ಬೇಕು. ಇದರ ಶುಲ್ಕ ಮತ್ತು ನಿಯಮ ಆಗಾಗ ಬದಲಾಗಿವೆ. ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ, ಅಲ್ಲೇ ಅರ್ಜಿ ಹಾಕಿ. ಅದನ್ನೇ ಹೋಲುವ ಖಾಸಗಿ ತಾಣಗಳು ಮೇಲೆ ದುಡ್ಡು ಕೀಳುತ್ತವೆ.

ನಾವು ಹೋಗಿದ್ದು ಬೆಟ್ಟದ ಕಡೆ. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿಗೆ ಹೋಗುವ ರೈಲಿನ ಬಗ್ಗೆ ನೀವು ಕೇಳಿರುತ್ತೀರಿ. ಪೂರ್ತಿ ದಾರಿಗೆ ಆರೇಳು ಗಂಟೆ. ಕಾಯ್ದಿರಿಸುವ ಟಿಕೆಟ್ 30 ದಿನ ಮುಂಚೆ ಬಿಡುತ್ತಾರೆ, ಬೇಗ ಮುಗಿದುಹೋಗುತ್ತದೆ. ಸಿಗಲಿಲ್ಲ ಅಂದರೆ ಬೇಜಾರು ಬೇಡ. ನುವಾರ ಎಲಿಯಾ ಹತ್ತಿರದ 'ನಾನು ಓಯಾ' ನಿಲ್ದಾಣದಲ್ಲಿ ಹತ್ತಿ. ಮುಂದಿನ ಭಾಗವೇ ಚಂದ. ದೇಶದ ಅತಿ ಎತ್ತರದ ನಿಲ್ದಾಣವಾದ ಪಟ್ಟಿಪೊಲ, ಮಂಜಿನೊಳಗಿನ ಹಪುತಳೆ, ಟೀ ತೋಟಗಳು ಎಲ್ಲ ಬರುವುದು ಅಲ್ಲೇ. ನನ್ನನ್ನು ಕೇಳಿದರೆ ಮಕ್ಕಳು, ವಯಸ್ಸಾದವರು ಜೊತೆಗಿದ್ದಾಗ ಪೂರ್ತಿ ದಾರಿಗಿಂತ ಇದೇ ಒಳ್ಳೆಯದು. ಬಾಗಿಲಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳಬೇಡಿ. ಸುರಂಗದ ಗೋಡೆ, ಮರದ ಕೊಂಬೆ ಕೈಗೆಟಕುವಷ್ಟು ಹತ್ತಿರ ಇರುತ್ತವೆ. ಜೋರು ಮಳೆಗೆ ಭೂಕುಸಿತವಾಗಿ ಈ ಮಾರ್ಗ ನಿಲ್ಲುವುದೂ ಉಂಟು. ಹೋಟೆಲ್ ಬುಕ್ ಮಾಡುವ ಮುಂಚೆ ರೈಲು ಎಲ್ಲಿಂದ ಎಲ್ಲಿವರೆಗೆ ಓಡುತ್ತಿದೆ ಅಂತ ವಿಚಾರಿಸಿ. 1921ರಲ್ಲಿ ಕಟ್ಟಿದ ಒಂಬತ್ತು ಕಮಾನಿನ ಸೇತುವೆ 'ಎಲ್ಲಾ' ಅನ್ನುವ ಆ ಊರಿನ ಹತ್ತಿರವೇ ಇದೆ. ಜನ ಸೇರುವ ಮುಂಚೆ, ಬೆಳಗ್ಗೆ ಬೇಗ ನಡೆದುಕೊಂಡು ಹೋಗಿ.

ಈಗ ಊಟದ ವಿಷಯ. ಸಸ್ಯಾಹಾರಿಗಳು ಇದನ್ನು ಚೆನ್ನಾಗಿ ಗಮನಿಸಿ. ಅಲ್ಲಿನ ಅಡುಗೆಯಲ್ಲಿ ಉಂಬಲಕಡ ಅಂತ ಒಂದು ಪದಾರ್ಥ ಬಳಸುತ್ತಾರೆ. ಅದು ಒಣಗಿಸಿದ ಮೀನಿನ ಚೂರು. ನೋಡಲು ಬರೀ ತರಕಾರಿ ಪಲ್ಯ, ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲ, ಆದರೆ ಒಳಗೆ ಇದು ಇರುತ್ತದೆ. ಬರೀ 'ವೆಜ್' ಅಂದರೆ ಸಾಲದು. ಮಾಂಸ ಇಲ್ಲ ಅಂತ ಮಾತ್ರ ತಿಳಿದುಕೊಳ್ಳುವವರಿದ್ದಾರೆ. 'ಉಂಬಲಕಡ ಎಪಾ' ಅನ್ನಿ, ಬೇಡ ಅಂತ ಅರ್ಥ. ನಮ್ಮ ಅಮ್ಮ ಮೊಟ್ಟೆಯನ್ನೂ ತಿನ್ನುವವರಲ್ಲ. ಅವರಿಗಾಗಿ ಪ್ರತಿ ಊರಿನಲ್ಲೂ ತಮಿಳರ ಸೈವ, ಅಂದರೆ ಸಸ್ಯಾಹಾರಿ, ಹೋಟೆಲ್ ಹುಡುಕುತ್ತಿದ್ದೆವು. ಅಲ್ಲಿ ಇಡ್ಲಿ, ದೋಸೆ, ವಡೆ ನಿಶ್ಚಿಂತೆಯಿಂದ ತಿನ್ನಬಹುದು. ಟೀ ತೋಟದ ಸೀಮೆಯಲ್ಲಿ, ಉತ್ತರ ಮತ್ತು ಪೂರ್ವದಲ್ಲಿ ತಮಿಳು ಮಾತಾಡುವವರು ತುಂಬಾ ಜನ. ಬೆಂಗಳೂರಿನಲ್ಲಿ ಬೆಳೆದವರಿಗೆ ಅಷ್ಟಿಷ್ಟು ತಮಿಳು ಬರುತ್ತದೆ ಅಲ್ವಾ, ಅದು ನಿಜವಾಗಿ ಕೈ ಹಿಡಿಯುತ್ತದೆ.

ಸಿಂಹಳದವರ ಅನ್ನ–ಪಲ್ಯದ ಊಟವನ್ನೂ ತಪ್ಪಿಸಬೇಡಿ. ತೆಂಗಿನ ಹಾಲು ಹಾಕಿದ ಬೇಳೆ ಸಾರಿಗೆ ಪರಿಪ್ಪು ಅನ್ನುತ್ತಾರೆ, ಜೊತೆಗೆ ಎಳೆ ಹಲಸಿನಕಾಯಿ ಪಲ್ಯ. ಕರಾವಳಿ, ಮಲೆನಾಡಿನವರ ನಾಲಿಗೆಗೆ ಥಟ್ಟನೆ ಹಿಡಿಸುತ್ತದೆ. ದಕ್ಷಿಣದ ರಸ್ತೆ ಬದಿಯಲ್ಲಿ ಮಣ್ಣಿನ ಮಡಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ. ಅದರ ಮೇಲೆ ಕಿತುಲ್ ಪಾಕ ಸುರಿದು ತಿನ್ನಬೇಕು. ಕಿತುಲ್ ಅಂದರೆ ನಮ್ಮ ಬೈನೆ ಮರವೇ. ನಾನು ಅಲ್ಲಿ ತಿಂದದ್ದರಲ್ಲಿ ಇದಕ್ಕಿಂತ ರುಚಿಯಾದದ್ದು ಬೇರೊಂದಿಲ್ಲ.

ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ. ಮದ್ಯ ಮಾರುವಂತಿಲ್ಲ, ದೇವಾಲಯಗಳಲ್ಲಿ ವಿಪರೀತ ಜನ. ಬುದ್ಧನ ಹಲ್ಲು ಇದೆ ಅಂತ ಪೂಜಿಸುವ ಕ್ಯಾಂಡಿಯ ದಂತ ದೇವಾಲಯಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಚಪ್ಪಲಿ ಹೊರಗೆ. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಸಾಕ್ಸ್ ಇಟ್ಟುಕೊಂಡರೆ ಒಳ್ಳೆಯದು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದನ್ನು ಅವರು ಅವಮಾನ ಅಂತಲೇ ತಿಳಿಯುತ್ತಾರೆ. ಮಕ್ಕಳಿಗೂ ಮೊದಲೇ ಹೇಳಿಡಿ.

ಹಳೆಯ ಕೋಟೆಯಿರುವ ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಬಿಸಿಲೇರಿದ ಮೇಲೆ ಕಷ್ಟ. ವಿದೇಶಿಯರ ಟಿಕೆಟ್ ದುಬಾರಿ. ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಕಡಿಮೆ ದರ ಇದೆ, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಮಂಡಿ ನೋವಿರುವವರು ಕೆಳಗಿನ ಉದ್ಯಾನ ಮತ್ತು ಕೊಳಗಳನ್ನು ನಿಧಾನಕ್ಕೆ ನೋಡಲಿ. ಐದನೇ ಶತಮಾನದ ಆ ಕೆಲಸವೂ ಕಮ್ಮಿಯದೇನಲ್ಲ.

ದುಡ್ಡಿನ ಬಗ್ಗೆ: 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಬಂದಿದೆ. ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ, ಸಣ್ಣ ಅಂಗಡಿಯಲ್ಲಿ ನಗದೇ ನಡೆಯುವುದು. ಆಟೋಗೆ ಪಿಕ್‌ಮಿ ಆ್ಯಪ್ ಹಾಕಿಕೊಂಡರೆ ಚೌಕಾಸಿಯ ತಲೆನೋವಿಲ್ಲ. ಆ್ಯಪ್ ಸಿಗದ ಊರುಗಳಲ್ಲಿ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿ. ಹೋಟೆಲ್ ಬಿಲ್ಲಿಗೆ ಸೇವಾ ಶುಲ್ಕ, ತೆರಿಗೆ ಸೇರುತ್ತವೆ, ಹಾಗಾಗಿ ಮೆನುವಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಈಗ ಹೆಚ್ಚಿನ ಕಡೆ ಮೂರು ಚಪ್ಪಟೆ ಪಿನ್ನಿನ ಸಾಕೆಟ್. ನಮ್ಮ ಚಾರ್ಜರ್‌ಗೆ ಅಡಾಪ್ಟರ್ ಬೇಕು. ಸೊಳ್ಳೆ ಕ್ರೀಮ್ ಮರೆಯಬೇಡಿ, ಡೆಂಗಿ ಅಲ್ಲೂ ಇದೆ.

ಇನ್ನೊಂದು, ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ಆಂಬ್ಯುಲೆನ್ಸ್‌ಗೆ 1990, ಪೊಲೀಸರಿಗೆ 119. ಸುವ ಸೆರಿಯ ಅನ್ನುವ ಈ ಆಂಬ್ಯುಲೆನ್ಸ್ ಸೇವೆ 2016ರಲ್ಲಿ ಭಾರತದ ನೆರವಿನಿಂದ ಶುರುವಾಯಿತು. ಕರೆದರೆ ದುಡ್ಡು ಕೇಳುವುದಿಲ್ಲ.