ಗಿರಾಕಿ ಬಂದಾಗ ಮಾತ್ರ ಗೊರ್ರೆನ್ನುವ ರೇಡಿಯೊ

ನಾನು ರಿಪೇರಿ ಮಾಡಿದ ಹಳೆಯ ಮರ್ಫಿ ವಾಲ್ವ್ ರೇಡಿಯೊ ಕೊನೆಗೂ ಮನೆ ಬಿಟ್ಟಿತು. ₹6,500 ಎಂದು ಜಾಹೀರಾತು ಹಾಕಿದ್ದೆ, ₹5,200ಕ್ಕೆ ಹೋಯಿತು. ಹೊಸ ಕೆಪಾಸಿಟರ್‌ಗಳು, ಡಯಲ್ ದಾರ, ಅರಗಿನ ಪಾಲಿಶ್, ನೋಡಲು ಬಂದವರಿಗೆಲ್ಲ ಅತ್ತೆಯವರು ಮಾಡಿಕೊಟ್ಟ ಬೆಲ್ಲದ ಕಾಫಿ, ಇವನ್ನೆಲ್ಲ ಕಳೆದು ಎಷ್ಟು ಉಳಿಯಿತು ಎಂದು ದಯವಿಟ್ಟು ಕೇಳಬೇಡಿ. ನಾನೂ ಲೆಕ್ಕ ಹಾಕಿಲ್ಲ. ಅಟ್ಟದಲ್ಲಿ ಒಂದು ಮೊಳ ಜಾಗ ಸಿಕ್ಕಿದೆ, ಅದೇ ಲಾಭ.

ರಿಪೇರಿಯ ಕಥೆಯನ್ನು ಹಾರಿಸುತ್ತೇನೆ. ವಾಲ್ವ್‌ಗಳು ಇಸಿಎಚ್81, ಇಬಿಎಫ್89, ಇಸಿಎಲ್82, ಇಝಡ್80, ಮುಂಭಾಗದಲ್ಲಿ ಕೇಂದ್ರ ಎಷ್ಟು ಪ್ರಬಲವೆಂದು ಪಟ್ಟಿಗಳಲ್ಲಿ ತೋರಿಸುವ ಇಎಂ84 ಹಸಿರು ಕಣ್ಣು: ಹಳೆಯ ರೇಡಿಯೊಗಳ ಎಂದಿನ ಸಂಸಾರ. ಸ್ಪೀಕರನ್ನು ಓಡಿಸುವ ಇಸಿಎಲ್82ರ ಗ್ರಿಡ್‌ಗೆ, ಅಂದರೆ ಸಂಕೇತ ಒಳಹೋಗುವ ಬಾಗಿಲಿಗೆ, ಹೋಗುವ ಕಾಗದದ ಕೆಪಾಸಿಟರ್ ಎಂದಿನಂತೆ ಸೋರುತ್ತಿತ್ತು. ಮಡಿಕೇರಿಯ ಮಳೆಗಾಲಗಳನ್ನು ಕಂಡ ಕಾಗದದ ಕೆಪಾಸಿಟರ್ ಸೋರದಿದ್ದರೆ ಅದು ಸುದ್ದಿ. 630 ವೋಲ್ಟಿನದು ಬೇಕೆಂದು ಬರೆದು ಕಳುಹಿಸಿದರೂ ಬೆಂಗಳೂರಿನ ಬಿಡಿಭಾಗದ ಅಂಗಡಿಯವರು 250 ವೋಲ್ಟಿನದನ್ನು ತುಂಬಿ ಕಳುಹಿಸಿದರು. ಫೋನ್ ಮಾಡಿದರೆ, "ಎರಡೂ ಒಂದೇ ಮೇಡಂ, ನಡೆಯುತ್ತದೆ" ಎಂಬ ಉತ್ತರ. ನಡೆಯುತ್ತದೆ, ನಿಜ. ಸ್ವಲ್ಪ ಹೊತ್ತಿನ ಮೇಲೆ ಓಡುತ್ತದೆ, ಹೊಗೆಯ ರೂಪದಲ್ಲಿ. ಅದೇ ಪೊಟ್ಟಣದಲ್ಲಿ 'ಹೊಸದು' ಎಂದು ಬಂದ ಇಎಂ84 ನಮ್ಮ ಮನೆಯ ಹಳೆಯದಕ್ಕಿಂತ ಮಂಕಾಗಿತ್ತು. ಹಳೆಯದನ್ನೇ ಮತ್ತೆ ಕೂರಿಸಿದೆ.

ಈಗ ಮಾರಾಟಕ್ಕೆ ಬರೋಣ. ಜಾಹೀರಾತು ಹಾಕಿದ ಕೂಡಲೇ ಬಂದ ಮೊದಲ ಸಂದೇಶ ಹಿಂದಿಯಲ್ಲಿತ್ತು. ತಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಬೆಲೆಯ ಚರ್ಚೆ ಬೇಡ, ಪೂರ್ತಿ ಹಣ ಈಗಲೇ ಕಳುಹಿಸುತ್ತೇನೆ, ವಾಹನ ಬಂದು ಒಯ್ಯುತ್ತದೆ. ಚೌಕಾಸಿ ಮಾಡದ ಗಿರಾಕಿ ಎಂದರೆ ಅಲ್ಲೇ ಅನುಮಾನ ಹುಟ್ಟಬೇಕು. ಮರುಕ್ಷಣವೇ ಒಂದು ಕ್ಯೂಆರ್ ಕೋಡ್ ಬಂತು: ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನನ್ನ ಖಾತೆಗೆ ಬರುತ್ತದಂತೆ! ಯುಪಿಐನಲ್ಲಿ ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಆದರೆ ಕ್ಯೂಆರ್ ಕೋಡಿನ ಆಟ ಇನ್ನೂ ನಡೆದೇ ಇದೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಗೆ ಸೈನಿಕನ ವೇಷದಲ್ಲಿ ಮೋಸ ಮಾಡಲು ಬರುವವನ ಧೈರ್ಯವನ್ನಾದರೂ ಮೆಚ್ಚಬೇಕು. ಪಕ್ಕದ ಮನೆಯ ನಿವೃತ್ತ ಸುಬೇದಾರ್ ಮಾವನ ಕೈಗೆ ಫೋನ್ ಕೊಟ್ಟೆ. ಅವರು ಬಹಳ ವಿನಯದಿಂದ ಯಾವ ರೆಜಿಮೆಂಟ್, ಯಾವ ಬೆಟಾಲಿಯನ್, ಈಗಿನ ಸುಬೇದಾರ್ ಮೇಜರ್ ಯಾರು ಎಂದು ವಿಚಾರಿಸಿದರು. ಆ ಕಡೆ ಕರೆ ಕಡಿಯಿತು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದು ನಿಮಗೆ ಗೊತ್ತಿರುತ್ತದೆ.

ಉಳಿದವರು ಎಂದಿನ ಬಳಗ. "ಕೊನೆಯ ರೇಟು ಎಷ್ಟು?" ಎಂದು ಕೇಳಿ ಮಾಯವಾಗುವವರು. ಬದಲಿಗೆ ಕೆಟ್ಟುನಿಂತ, ಕಳೆ ಕತ್ತರಿಸುವ ಬ್ರಷ್ ಕಟರ್ ಕೊಡುತ್ತೇನೆ ಎಂದವರು. ಬ್ಲೂಟೂತ್ ಇದೆಯೇ ಎಂದವರು. ಸುಳ್ಯದ ಒಬ್ಬರಿಗೆ ನಾವು ತೀರಾ ಹತ್ತಿರದವರು, ಏಕೆಂದರೆ ಆ್ಯಪ್ ದೂರವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುತ್ತದೆ, ಅದಕ್ಕೆ ಸಂಪಾಜೆ ಘಾಟಿಯ ತಿರುವುಗಳ ಅರಿವಿಲ್ಲ. "ಇಷ್ಟು ಹತ್ತಿರ ಅಲ್ಲವೇ, ನೀವೇ ತಂದುಕೊಡಿ" ಎಂದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯ ಗತಿ ಏನಾಯಿತೆಂದು ನೋಡಿದವರಾರೂ ಜುಲೈ ತಿಂಗಳಲ್ಲಿ ಗಾಜಿನ ವಾಲ್ವ್ ತುಂಬಿದ ಪೆಟ್ಟಿಗೆಯನ್ನು ಹೊತ್ತು ಆ ಕಡೆ ಇಳಿಯುವುದಿಲ್ಲ.

ಒಬ್ಬ ಹೋಂಸ್ಟೇ ಮಾಲೀಕರು ಮಾತ್ರ ₹4,000 ಕೊಡಲು ಸಿದ್ಧರಿದ್ದರು, ಹಾಡಿದರೂ ಸರಿ ಹಾಡದಿದ್ದರೂ ಸರಿ. ಒಳಗಿನದನ್ನೆಲ್ಲ ಕಿತ್ತು ಬಣ್ಣದ ಎಲ್‌ಇಡಿ ಪಟ್ಟಿ ಹಾಕಿ ಸ್ವಾಗತದ ಮೇಜಿನ ಮೇಲೆ ಇಡುತ್ತಾರಂತೆ. ಕೊಡಗಿನಲ್ಲಿ ಹಳೆಯ ಸಾಮಾನಿನ ಬೆಲೆ ಏರಿರುವುದೇ ಇವರಿಂದ, ಆ ಋಣ ನನ್ನ ಮೇಲೂ ಇದೆ. ಆದರೂ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯಿರುವ, ಇನ್ನೂ ಜೀವಂತವಾಗಿರುವ ಇಸಿಎಚ್81ನ್ನು ಕಿತ್ತು ಕೊಡಲು ಮನಸ್ಸು ಬರಲಿಲ್ಲ. ಅತ್ತೆಯವರ ಲೆಕ್ಕದಲ್ಲಿ ಇದು ಶುದ್ಧ ಹುಚ್ಚು.

ನಿಜವಾದ ತಲೆನೋವು ಶುರುವಾದದ್ದು ಕುಶಾಲನಗರದ ಗಿರಾಕಿ ಮನೆಗೆ ಬಂದಾಗ. ಕೆಲಸದ ಕೋಣೆಯಲ್ಲಿ ಆಕಾಶವಾಣಿ ಬೆಂಗಳೂರು 612 ಕಿಲೊಹರ್ಟ್ಸ್‌ನಲ್ಲಿ ಚೊಕ್ಕವಾಗಿ ಮಾತನಾಡುತ್ತಿದ್ದ ಪೆಟ್ಟಿಗೆ, ಹಜಾರಕ್ಕೆ ತಂದಿಟ್ಟು ಸ್ವಿಚ್ ಒತ್ತಿದರೆ ಡಯಲಿನ ಈ ತುದಿಯಿಂದ ಆ ತುದಿಯವರೆಗೆ ಗೊರ್ರ್ ಎನ್ನುತ್ತದೆ. ಅದರ ಹಿಂದೆ ಎಲ್ಲೋ ಆಳದಲ್ಲಿ ಬೆಂಗಳೂರು, ಬಾವಿಗೆ ಬಿದ್ದವರ ಕೂಗಿನಂತೆ. ಬಂದವರು ಕಾಫಿ ಕುಡಿದು, "₹1,500 ಕೊಡಬಹುದು" ಎಂದರು. ಆವತ್ತು ಕರೆಂಟ್ ಇರಲಿಲ್ಲ, ಇನ್ವರ್ಟರ್ ಮೇಲೆ ಓಡಿಸಿದ್ದೆ. ನಮ್ಮದು ಹಳೆಯ ಚೌಕ ಅಲೆಯ ಇನ್ವರ್ಟರ್. ಅಳೆದು ನೋಡಿದರೆ ಎಚ್‌ಟಿ, ಅಂದರೆ ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ವೋಲ್ಟೇಜ್, 240 ವೋಲ್ಟಿನಿಂದ 170ರ ಆಸುಪಾಸಿಗೆ ಕುಸಿದಿತ್ತು. ಲೆಕ್ಕ ಸರಿಯಾಗಿಯೇ ಇದೆ. ನಾವು 230 ಎಂದು ಕರೆಯುವ ಸೈನ್ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ, ಎಸಿಯನ್ನು ಡಿಸಿ ಮಾಡುವ ಇಝಡ್80ರ ನಂತರದ ಮೊದಲ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯಿಂದ. ಚೌಕ ಅಲೆಗೆ ತುದಿಯೇ ಇಲ್ಲ, ಅದು ನೆತ್ತಿ ಕತ್ತರಿಸಿದ ಗುಡ್ಡ. ವಾಲ್ವ್‌ಗಳೊಳಗಿನ ಹೀಟರ್‌ಗೆ ಮಾತ್ರ ಬೇಕಾದಷ್ಟು ಶಾಖ ಸಿಗುವುದರಿಂದ ವಾಲ್ವ್‌ಗಳು ಎಂದಿನಂತೆ ಹೊಳೆಯುತ್ತಿರುತ್ತವೆ. ಕಣ್ಣಿಗೆ ಎಲ್ಲವೂ ಕ್ಷೇಮ, ಕಿವಿಗೆ ಮಾತ್ರ ಕ್ಷಾಮ.

ಸರಿ, ಇನ್ವರ್ಟರ್ ಮೇಲೆ ಪ್ರದರ್ಶನ ಬೇಡ ಎಂದು ನಿಯಮ ಮಾಡಿದೆ. ಮುಂದಿನವರು ಸೋಮವಾರಪೇಟೆಯಿಂದ ಬಂದರು. ಕರೆಂಟ್ ಇತ್ತು. ಎಚ್‌ಟಿ 240. ಗೊರ್ರ್! ಅವರು ಹೊರಟ ಮೇಲೆ ಅದೇ ಹಜಾರದಲ್ಲಿ, ಅದೇ ಮೇಜಿನ ಮೇಲೆ ಮತ್ತೆ ಹಾಕಿದರೆ ಕೊಳಲಿನಂತೆ ಹಾಡುತ್ತಿದೆ. ಈ ಪೆಟ್ಟಿಗೆಗೆ ಮಾರಾಟವಾಗಲು ಇಷ್ಟವಿಲ್ಲ ಎಂದು ಅತ್ತೆಯವರು ತೀರ್ಪು ಕೊಟ್ಟರು. ಆ ಕ್ಷಣಕ್ಕೆ ನನ್ನ ಬಳಿ ಅದಕ್ಕಿಂತ ಒಳ್ಳೆಯ ಸಿದ್ಧಾಂತ ಇರಲಿಲ್ಲ.

ಇಲ್ಲಿ ಹಸಿರು ಕಣ್ಣಿಗೆ ಒಂದು ಸಲಾಮು ಹೇಳಬೇಕು. ಡಿಸಿಯನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್ ಸೋತಿದ್ದರೆ ಬರುವ ಗುಂಯ್ ಶಬ್ದ ಧ್ವನಿ ತಗ್ಗಿಸಿದರೂ ಹೋಗುವುದಿಲ್ಲ, ಹಸಿರು ಪಟ್ಟಿಗಳೂ ಸುಮ್ಮನಿರುತ್ತವೆ. ಇಲ್ಲಿ ಧ್ವನಿಯ ಗುಂಡಿಯನ್ನು ಪೂರ್ತಿ ತಗ್ಗಿಸಿದರೆ ಗೊರ್ರ್ ಇಲ್ಲವಾಗುತ್ತಿತ್ತು. ಜೊತೆಗೆ ಯಾವ ಕೇಂದ್ರವೂ ಇಲ್ಲದ ಜಾಗದಲ್ಲಿ ಹಸಿರು ಪಟ್ಟಿಗಳು ಪ್ರಬಲ ಕೇಂದ್ರ ಸಿಕ್ಕಂತೆ ಒಂದನ್ನೊಂದು ಮುಟ್ಟುತ್ತಿದ್ದವು ಎಂದು ಸೋಮವಾರಪೇಟೆಯವರು ಇದ್ದಾಗಲೇ ಗಮನಿಸಿದ್ದೆ. ಅಂದರೆ ಗದ್ದಲ ಏರಿಯಲ್‌ನಿಂದಲೇ ಒಳಗೆ ಬರುತ್ತಿದೆ, ರೇಡಿಯೊ ಪಾಪ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ಮನೆಯಲ್ಲೇ ಯಾವುದೋ ಒಂದು ವಸ್ತು ಮಧ್ಯಮ ತರಂಗದಲ್ಲಿ ಬಾನುಲಿ ಕೇಂದ್ರ ನಡೆಸುತ್ತಿದೆ, ಅದೂ ಗಿರಾಕಿಗಳು ಇರುವಾಗ ಮಾತ್ರ.

ಜೇಬಿನ ಟ್ರಾನ್ಸಿಸ್ಟರ್ ರೇಡಿಯೊವನ್ನು ಖಾಲಿ ಜಾಗಕ್ಕೆ ಟ್ಯೂನ್ ಮಾಡಿ ಮನೆಯೆಲ್ಲ ಸುತ್ತಿದೆ. ಗದ್ದಲ ಹುಡುಕಲು ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. ಫ್ರಿಜ್ ಶಾಂತ. ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್ ಸ್ವಲ್ಪ ಗೊಣಗಿತು. ಮೊಬೈಲ್ ಚಾರ್ಜರ್ ಚಿಲಿಪಿಲಿಗುಟ್ಟಿತು. ಯಾವುದೂ ಆ ಗೊರ್ರ್ ಅಲ್ಲ. ನಾನು ಅಂಗಳದಿಂದ ಹಜಾರಕ್ಕೆ ಬರುವಾಗ ಅತ್ತೆಯವರು ಯಾರೋ ಬಂದರೆಂದು ದೀಪದ ಸ್ವಿಚ್ ಒತ್ತಿದರು. ಕೈಯಲ್ಲಿದ್ದ ರೇಡಿಯೊ ಅರಚಿಕೊಂಡಿತು.

ಮಳೆಗಾಲದ ಮಡಿಕೇರಿಯಲ್ಲಿ ಮಧ್ಯಾಹ್ನ ಮೂರಕ್ಕೇ ಹಜಾರ ಕತ್ತಲು. ನಾವು ಮನೆಯವರೇ ಆದರೆ ಹಾಗೆಯೇ ಕೂರುತ್ತೇವೆ, ನೆಂಟರು ಬಂದರೆ ದೀಪ ಹಾಕುತ್ತೇವೆ. ಕೆಲಸದ ಕೋಣೆಯಲ್ಲಿರುವುದು ಸರಣಿ ದೀಪಕ್ಕೆಂದು (ರಿಪೇರಿಯ ಪೆಟ್ಟಿಗೆಗೆ ಹೆಚ್ಚು ಕರೆಂಟ್ ಹರಿಯದಂತೆ ತಡೆಯಲು) ಇಟ್ಟುಕೊಂಡಿರುವ ಹಳೆಯ ತಂತಿಯ ಬಲ್ಬ್, ಅದು ಮೌನಿ. ಹಜಾರದ್ದು ಒಳ್ಳೆಯ ಬೆಲೆ ಕೊಟ್ಟು ತಂದ ಎಲ್‌ಇಡಿ. ಅದರೊಳಗಿನ ಸ್ವಿಚಿಂಗ್ ಡ್ರೈವರ್ ಹೆಚ್ಚಿನ ಆವರ್ತನದಲ್ಲಿ ಕರೆಂಟನ್ನು ಕತ್ತರಿಸುತ್ತಲೇ ಇರುತ್ತದೆ. ಆ ಕತ್ತರಿಯ ಚೂರುಗಳೆಲ್ಲ ಮನೆಯ ವೈರಿಂಗ್ ಹಿಡಿದು ಹರಡುತ್ತವೆ, ಕಿಟಕಿಯ ಚೌಕಟ್ಟಿಗೆ ನಾನು ಸುತ್ತಿದ್ದ ಏರಿಯಲ್ ತಂತಿ ಆ ವೈರಿಂಗ್ ಪಕ್ಕದಲ್ಲೇ ಇತ್ತು. ಇನ್ವರ್ಟರ್ ಮೇಲೆ ಓಡಿಸಿದ ಆ ದಿನವೂ ಇದೇ ದೀಪ ಉರಿಯುತ್ತಿತ್ತು, ಹಾಗಾಗಿ ಆವತ್ತು ಎರಡು ಕಾಯಿಲೆ ಒಟ್ಟಿಗೆ.

ತಮಾಷೆ ಎಂದರೆ ಸಂತೆಯ ರಸ್ತೆಬದಿಯಲ್ಲಿ ಕೊಂಡ ಕಡಿಮೆ ದರದ ಬಲ್ಬ್ ಸದ್ದೇ ಮಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ, ಕತ್ತರಿಸುವ ಕೆಲಸವೇ ಅಲ್ಲಿಲ್ಲ. ಆದರೆ ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಗೆ ಕಾಣುತ್ತದೆ. ಆ ಬೆಳಕಿನಲ್ಲಿ ತೆಗೆದ ವಿಡಿಯೊವನ್ನು ಜಾಹೀರಾತಿಗೆ ಸೇರಿಸಿದರೆ, ಡಯಲಿನ ಮೇಲೆ ಕಪ್ಪು ಪಟ್ಟೆಗಳು ತೇಲುತ್ತಿವೆ, "ಡಿಸ್‌ಪ್ಲೇ ಹೋಗಿದೆಯೇ?" ಎಂದು ಒಬ್ಬರು ಕೇಳಿದರು. ಅದು ಗಾಜು ಮಾರಾಯರೇ, ಹಿಂದೆ ಒಂದು ಪುಟ್ಟ ಬಲ್ಬ್!

ಕಡೆಗೆ ದೀಪವನ್ನು ಬದಲಿಸುವುದಕ್ಕಿಂತ ಏರಿಯಲ್‌ನ್ನು ದೂರ ಒಯ್ಯುವುದೇ ಸರಿ ಎಂದು ಅಂಗಳದಾಚೆಯ ಸಿಲ್ವರ್ ಓಕ್ ಮರಕ್ಕೆ ತಂತಿ ಎಳೆದೆ. ಕಾಳುಮೆಣಸಿನ ಬಳ್ಳಿಗೆ ತಾಗಬಾರದೆಂದು ತಾಕೀತಾಯಿತು. ಮನೆಯೊಳಗೆ ತರುವ ಭಾಗಕ್ಕೆ ಹಳೆಯ ಡಿಶ್ ಟಿವಿಯ ಕೇಬಲ್, ಅದರ ಹೊರಜಾಲರಿ ಒದ್ದೆ ನೆಲದಲ್ಲಿ ಹೂತ ಕಬ್ಬಿಣದ ಸಲಾಕೆಗೆ. ಈ ಋತುವಿನಲ್ಲಿ ಅರ್ಥಿಂಗ್‌ಗೆ ನೀರು ಹಾಕುವ ಕೆಲಸ ಮಾತ್ರ ನಮ್ಮ ಊರಿನಲ್ಲಿ ಉಳಿತಾಯ. ಗುಡುಗು ಶುರುವಾದರೆ ಕೇಬಲ್ ಕಳಚಿ ಹೊರಗೆ ಬಿಡುತ್ತೇನೆ. ಎಲ್‌ಇಡಿ ಉರಿಯುತ್ತಿದ್ದರೂ ಈಗ 612 ಚೊಕ್ಕ, ರಾತ್ರಿ 765ರಲ್ಲಿ ಧಾರವಾಡವೂ ಸಿಕ್ಕಿತು.

ಕೇಬಲ್ ಹುಡುಕಲು ಗುಜರಿ ಅಂಗಡಿಗೆ ಹೋದಾಗ ಜೀಪೊಂದರ ವೈಪರ್ ಮೋಟರ್ ಕಣ್ಣಿಗೆ ಬಿತ್ತು, ಅಲ್ಲಿಂದ ತಲೆ ಬೇರೆ ಕಡೆ ಹೊರಳಿದೆ. ಅಟ್ಟದಲ್ಲಿ ಕೈಯಿಂದ ತಿರುಗಿಸುವ ಕಾಫಿ ಹುರಿಯುವ ಡ್ರಮ್ ಇದೆ. 12 ವೋಲ್ಟಿನ ಈ ಮೋಟರ್ ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತದೆ, ಹದವಾಗಿ ಹುರಿಯಲು ಹೇಳಿ ಮಾಡಿಸಿದ ವೇಗ. ರೋಬಸ್ಟಾ ಬೀಜದ ತೆಳುಪೊರೆ, ಅಂದರೆ ಬೆಳ್ಳಿಸಿಪ್ಪೆ, ಉದುರಿ ಬೆಂಕಿ ಹಿಡಿಯದಂತೆ ಹೊರಹೋಗಲು ದಾರಿ ಮಾಡಬೇಕು. ಮೋಟರಿನ ಬ್ರಷ್‌ಗಳ ಕಿಡಿ ರೇಡಿಯೊಗೆ ಇನ್ನೊಬ್ಬ ಶತ್ರು ಎನ್ನುವುದು ಹೊಳೆದರೂ ಮೋಟರ್ ಈಗಾಗಲೇ ಮನೆಗೆ ಬಂದಿದೆ.

ಮರ್ಫಿಯನ್ನು ಕೊಂಡವರು ಕಣ್ಣೂರಿನವರು, ಮಾಕುಟ್ಟದ ದಾರಿಯಾಗಿ ವಿರಾಜಪೇಟೆಗೆ ಮದುವೆಗೆಂದು ಬಂದಿದ್ದವರು. ಮಡಿಕೇರಿ ಆಕಾಶವಾಣಿ ಏಕೆ ಬರುವುದಿಲ್ಲ ಎಂದು ಕೇಳಿದರು. ಅದು ಎಫ್‌ಎಂನಲ್ಲಿ 103.1, ಈ ಪೆಟ್ಟಿಗೆಗೆ ಎಫ್‌ಎಂ ಗೊತ್ತಿಲ್ಲ ಎಂದೆ. ನಕ್ಕರು, ₹1,300 ಇಳಿಸಿದರು. ಹಿಂಬದಿಯ ಹಲಗೆ ಮೂಲದ್ದಲ್ಲ ಎಂದು ಅವರೇ ಗುರುತಿಸಿದ್ದರಿಂದ ನಾನೂ ಹೆಚ್ಚು ಎಳೆಯಲಿಲ್ಲ. ಹಣವನ್ನು ನನ್ನ ಫೋನಿನಲ್ಲೇ ಖಾತೆ ತೆರೆದು ನೋಡಿದ ಮೇಲೆ ಪೆಟ್ಟಿಗೆ ಕಾರಿಗೆ ಹೋಯಿತು. ಅವರು ತೋರಿಸಿದ ಸ್ಕ್ರೀನ್‌ಶಾಟ್ ನಿಜವೇ ಇತ್ತು, ಆದರೂ ಸ್ಕ್ರೀನ್‌ಶಾಟ್ ಹಣವಲ್ಲ. ವಾಲ್ವ್‌ಗಳನ್ನು ಕಳಚಿ ಹಳೆಯ ಕಾಲುಚೀಲಗಳಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಕೊಟ್ಟೆ, ಪ್ರತಿ ಸಾಕೆಟ್‌ನ ಪಕ್ಕ ಹೆಸರು ಬರೆದ ಚೀಟಿ ಅಂಟಿಸಿದೆ.

ಮರುದಿನ ರಾತ್ರಿ ಫೋನ್. "ಮೇಡಂ, ಗೊರ್ರ್ ಎನ್ನುತ್ತಿದೆ." ಮನೆಯ ದೀಪಗಳನ್ನು ಒಂದೊಂದಾಗಿ ಆರಿಸಿ ಎಂದೆ. ಎಲ್ಲ ಆರಿಸಿದರೂ ಹೋಗಲಿಲ್ಲ. ಮೇನ್ ಸ್ವಿಚ್ ತೆಗೆದು ಇನ್ನೊಂದು ಬ್ಯಾಟರಿ ರೇಡಿಯೊದಲ್ಲಿ ಕೇಳಿ ಎಂದೆ. ಆಗಲೂ ಇದೆ. ಕಡೆಗೆ ಗೊತ್ತಾದದ್ದು, ಪಕ್ಕದ ಮನೆಯವರ ಗೇಟಿನ ಅಲಂಕಾರದ ದೀಪಗಳು. ಹಬ್ಬ ಮುಗಿದ ಮೇಲೆ ತೆಗೆಯುತ್ತಾರಂತೆ. ಯಾವ ಹಬ್ಬವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗಿನ ಏರಿಯಲ್‌ನ ಚಿತ್ರ ಬರೆದು ಕಳುಹಿಸಿದ್ದೇನೆ.

ಅಟ್ಟದಲ್ಲಿ ಇನ್ನೊಂದು ರೇಡಿಯೊದ ಚಾಸಿ (ಪೆಟ್ಟಿಗೆಯಿಲ್ಲದ ಒಳಭಾಗ) ಉಳಿದಿದೆ, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿ ಕಡಿದಿದೆ. ಇಸಿಎಲ್82ಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರ್, ನಿಜವಾಗಿಯೂ ಹಸಿರಾಗಿ ಹೊಳೆಯುವ ಇಎಂ84 ಯಾರ ಬಳಿಯಾದರೂ ಇದ್ದರೆ ತಿಳಿಸಿ. ಹಣ ಕೊಡುತ್ತೇನೆ, ಕೆಟ್ಟ ಬ್ರಷ್ ಕಟರ್ ಕೊಡುವುದಿಲ್ಲ. ಕುಶಾಲನಗರದವರೆಗೆ ನಾನೇ ಬಂದು ಒಯ್ಯುತ್ತೇನೆ, ಘಾಟಿ ಇಳಿಯುವುದಿದ್ದರೆ ಮಳೆ ನಿಂತ ಮೇಲೆ.