ಉಸಿರು, ಬೆಳಕು ಮತ್ತು ಸಕ್ಕರೆ ಕಾಯಿಲೆ

ಬೆರಳು ಚುಚ್ಚದೆ, ನಳಿಕೆಯೊಂದಕ್ಕೆ ಉಸಿರೂದಿ ಮಧುಮೇಹದ ಮೇಲೆ ಕಣ್ಣಿಡಬಹುದೆಂಬ ಮಾತು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಮನೆಗಳಿಗೂ ತಲುಪಿದೆ. ಅಡಿಕೆ ಸುಲಿದು ಬೆರಳ ತುದಿ ದಡ್ಡುಗಟ್ಟಿರುವ ನನ್ನ ದೊಡ್ಡಮ್ಮನಂಥವರಿಗೆ ಇದು ಎಂಥ ಆಸೆಯೆಂಬುದನ್ನು ಬಲ್ಲೆ. ಸೂಜಿ ಚುಚ್ಚಿದರೂ ಹನಿ ಮೂಡದೆ, ಬೆರಳನ್ನು ಬುಡದಿಂದ ಹಿಂಡಿ ತೆಗೆದ ರಕ್ತ ಪರೀಕ್ಷೆಯ ಪಟ್ಟಿಗೆ ಸಾಲದೆ, ಅವರು ಮತ್ತೊಂದು ಬೆರಳನ್ನು ಮುಂದೆ ಚಾಚುವುದನ್ನು ನೋಡುವಾಗ ಸಂಕಟವಾಗುತ್ತದೆ. ಆದಕಾರಣ ಈ ಸಾಧನ ಏನನ್ನು ಅಳೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ.

ಅದು ಅಳೆಯುವುದು ಅಸಿಟೋನನ್ನು. ಇನ್ಸುಲಿನ್ ಸಾಲದಾದಾಗ ದೇಹವು ಕೊಬ್ಬನ್ನು ಉರಿಸಿ ಕೀಟೋನುಗಳೆಂಬ ರಾಸಾಯನಿಕಗಳನ್ನು ಉಂಟುಮಾಡುತ್ತದೆ. ಅವುಗಳಲ್ಲಿ ಬೇಗ ಆವಿಯಾಗುವ ಅಸಿಟೋನು ಉಸಿರಿನೊಡನೆ ಹೊರಬರುತ್ತದೆ. ಆರೋಗ್ಯವಂತರ ಉಸಿರಿನಲ್ಲಿ ಇದರ ಪ್ರಮಾಣ 10 ಲಕ್ಷ ಭಾಗಗಳಲ್ಲಿ 1 ಭಾಗದ ಆಸುಪಾಸಿನಲ್ಲಿರುತ್ತದೆ. 280 ನ್ಯಾನೋಮೀಟರ್ ತರಂಗಾಂತರದ ಸುತ್ತಲಿನ, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅಸಿಟೋನು ಹೀರುವುದರಿಂದ, ಪ್ರಯೋಗಾಲಯಗಳಲ್ಲಿ 266 ನ್ಯಾನೋಮೀಟರಿನ ಲೇಸರನ್ನು ಎರಡು ಅತಿನುಣುಪಾದ ಕನ್ನಡಿಗಳ ನಡುವೆ ಸಾವಿರಾರು ಬಾರಿ ಓಡಾಡಿಸಿ, ಆ ಬೆಳಕು ಎಷ್ಟು ಬೇಗ ಕ್ಷೀಣಿಸಿತೆಂಬುದರಿಂದ ಅಸಿಟೋನಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಅತಿಗೆಂಪು ಬೆಳಕಿನಲ್ಲೂ ಅಳೆಯಬಹುದು, ಆದರೆ ಅಲ್ಲಿ ನೀರಾವಿಯ ಕಾಟ ಹೆಚ್ಚು. ಉಸಿರಿನಲ್ಲಿ ನೀರಾವಿಯೇ ಶೇಕಡಾ 5ರಷ್ಟಿದ್ದು, ಅಸಿಟೋನಿನ ಗುರುತು ಅದರಲ್ಲಿ ಮುಚ್ಚಿಹೋಗಬಹುದು.

ಇದಕ್ಕಿಂತ ದೊಡ್ಡ ತೊಡಕು ಶರೀರದ್ದೇ. ಏಕಾದಶಿಯ ಉಪವಾಸ ಮಾಡಿದ ಆರೋಗ್ಯವಂತರ ಉಸಿರಿನಲ್ಲೂ ಅಸಿಟೋನು ಏರುತ್ತದೆ. ಮತ್ತೊಂದೆಡೆ, ದೊಡ್ಡಮ್ಮನಂತೆ ಎರಡನೆಯ ಬಗೆಯ ಮಧುಮೇಹ ಇರುವವರಲ್ಲಿ ಗಂಜಿ ಉಂಡ ಬಳಿಕ ಸಕ್ಕರೆ 250 ದಾಟಿದರೂ ಅಸಿಟೋನು ಏರದೆ ಇರಬಹುದು. ಹಾಗಾಗಿ ಉಸಿರಿನ ಅಂಕಿಯನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನನ್ನೋ ಹೆಚ್ಚುಕಡಿಮೆ ಮಾಡುವುದು ಅಪಾಯಕರ. ಚರ್ಮವನ್ನು ಚುಚ್ಚದೆ ಸಕ್ಕರೆ ಅಳೆಯುತ್ತೇವೆಂದು ಹೇಳಿಕೊಳ್ಳುವ ಕೈಗಡಿಯಾರ, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರಲ್ಲಿ ಎಚ್ಚರಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಹಾಗೆಂದು ಈ ಸಂಶೋಧನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲ ಬಗೆಯ ಮಧುಮೇಹವಿರುವ ಮಕ್ಕಳಲ್ಲಿ ಕೀಟೋನುಗಳು ರಕ್ತವನ್ನು ಆಮ್ಲೀಯಗೊಳಿಸುವ ಸ್ಥಿತಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ತಜ್ಞ ಚಿಕಿತ್ಸೆಗೆ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಓಡುವ ನಮ್ಮವರಿಗೆ, ಮನೆಯಲ್ಲೇ ಮುನ್ಸೂಚನೆ ಕೊಡುವ ಉಸಿರಿನ ಸಾಧನ ನಿಜವಾಗಿ ಒದಗುವುದು ಇಂಥ ಸಂದರ್ಭದಲ್ಲೇ. ಅಂಥ ಸಾಧನ ಕೈಗೆ ಬರುವವರೆಗೆ, ಇನ್ಸುಲಿನ್ ತೆಗೆದುಕೊಳ್ಳುವ ಮಗು ವಾಂತಿ ಮಾಡಿಕೊಂಡು ಏದುಸಿರು ಬಿಡುತ್ತಿದ್ದು, ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.